ಒಂದೇ ನಂಬರಿನ ಇಬ್ಬರು

ಕಂತು ಒಂಬತ್ತು

ಪರದೆಯ ಮೇಲೆ ಎರಡು ಸಾಲು ಮೂಡಿದವು. ಅವುಗಳ ಕೆಳಗೆ ಹತ್ತರಿಂದ ಹಿಂದಕ್ಕೆ ಎಣಿಕೆ ಶುರುವಾಯಿತು.

ಸುಧಾಮಣಿ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ಹದಿನೇಳು ದಿನದ ಹಿಂದೆ ಇದೇ ಕುರ್ಚಿಯಲ್ಲಿ ಕೂತಿದ್ದಾಗಲೂ ಇವೇ ಎರಡು ಸಾಲು ಬಂದಿದ್ದವು. ಅಂದು ಅವರು ಓದುವ ಮೊದಲೇ ಎಂಟರ್ ಒತ್ತಿದ್ದರು. ಮೊದಲನೆಯದು ತೆರೆದುಕೊಂಡಿತ್ತು. ಎರಡನೆಯದು ಏನೆಂದು ಕೇಳಿರಲಿಲ್ಲ.

ಈ ಸಲ ಓದಿದರು. ಮೊದಲ ಸಾಲು ಹೊಸ ಲಿನಕ್ಸ್. ಎರಡನೆಯದು ಹಳೆಯ ಲಿನಕ್ಸ್. ವಿಂಡೋಸಿನಂತೆ ಕಂಪ್ಯೂಟರನ್ನು ನಡೆಸುವ ಲಿನಕ್ಸಿನ ಎರಡು ಸಿಸ್ಟಂಗಳನ್ನು ಒಂದೇ ಕಂಪ್ಯೂಟರಿನಲ್ಲಿ ಹಾಕಿದ್ದರು. ಬಾಣದ ಕೀಲಿ ಒತ್ತಿ ಎರಡನೆಯದನ್ನು ಆರಿಸಿದರು.

"ಅದನ್ನ ಯಾರೂ ಓಪನ್ ಮಾಡಲ್ಲ ಮೇಡಂ," ಎಂದು ಹಿಂದಿನಿಂದ ಶಿವರಾಮ್ ಹೇಳಿದರು.

ಜರಗನಹಳ್ಳಿಯ ಹಳೆಯ ಮನೆತನದವರಾದ ಶಿವರಾಮ್ ತಮ್ಮ ಕಟ್ಟಡದ ಕೆಳ ಅಂತಸ್ತಿನಲ್ಲಿ ಈ ಡಿಟಿಪಿ ಸೆಂಟರ್ ನಡೆಸುತ್ತಿದ್ದರು. ಮದುವೆ ಕಾರ್ಡು, ಪಿಎಚ್‌ಡಿ ಪ್ರಬಂಧ, ಸಂಘಗಳ ವಾರ್ಷಿಕ ವರದಿ ಇಲ್ಲಿ ಟೈಪಾಗುತ್ತಿದ್ದವು. ಹಳೆಯ ಕನ್ನಡ ಫಾಂಟಿನ ಪ್ರೋಗ್ರಾಂ ಹೊಸ ಸಿಸ್ಟಮ್ಮಿನಲ್ಲಿ ಓಡುವುದಿಲ್ಲವೆಂದು ಅವರ ತಮ್ಮನ ಮಗ ರಘು ಹಳೆಯದನ್ನು ಅಳಿಸದೆ ಪಕ್ಕದಲ್ಲೇ ಉಳಿಸಿದ್ದ. ಅವನು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಆಮೇಲೆ ಹಳೆಯ ಫಾಂಟಿನ ಕೆಲಸವೂ ಬರುತ್ತಿರಲಿಲ್ಲ.

ಪರದೆ ಒಂದೇ ಹೆಸರು ತೋರಿಸಿತು. ರಘು. ಅದರ ಕೆಳಗೆ ಪಾಸ್‌ವರ್ಡಿನ ಖಾಲಿ ಜಾಗ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲವೆಂದು ಶಿವರಾಮ್ ಹೇಳಿದರು. ಪಕ್ಕದ ಮೇಜಿನಲ್ಲಿ ಅರ್ಪಿತ ಒಂದು ಗೃಹಪ್ರವೇಶದ ಕಾರ್ಡಿನ ಪ್ರೂಫ್ ತಿದ್ದುತ್ತಿದ್ದಳು. ತಲೆ ಎತ್ತಲಿಲ್ಲ.

ಇಪ್ಪತ್ತು ದಿನದ ಹಿಂದೆ ಒಂದು ಬುಧವಾರ, ಇದೇ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದ ಮೈತ್ರಿ ಎಂಬ ಇಪ್ಪತ್ತಾರರ ಹುಡುಗಿ ವಿಲ್ಸನ್ ಗಾರ್ಡನ್ನಿನ ಮನೆಯಿಂದ ಹೊರಟವಳು ಮರಳಿರಲಿಲ್ಲ. ಮರುದಿನ ಅವಳ ಮೇಜಿನ ಡ್ರಾಯರಿನಲ್ಲಿ ಪ್ರಿಂಟ್ ಮಾಡಿದ ನಾಲ್ಕು ಸಾಲಿನ ಪತ್ರ ಸಿಕ್ಕಿತ್ತು. ನನ್ನ ದಾರಿ ನಾನು ನೋಡಿಕೊಳ್ಳುತ್ತಿದ್ದೇನೆ, ಹುಡುಕಬೇಡಿ ಎಂದಿತ್ತು. ಸಹಿ ಇರಲಿಲ್ಲ.

ಅವಳ ತಂದೆ ಸಂಜೀವಯ್ಯ ಸುಧಾಮಣಿಯವರನ್ನು ಕರೆಸಿದ್ದರು. ಇಪ್ಪತ್ತೆರಡು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಹೇಳಿ, ಈಗ ಪತ್ತೇದಾರಿಕೆ ಮಾಡುವ ಹೆಂಗಸು. ಅವರ ಮಾತಿಗೆ ಠಾಣೆಯಲ್ಲೂ ತೂಕವಿತ್ತು. ಅವರು ಬಂದು ನೋಡಿದಾಗ ಆ ಪತ್ರದ ಫೈಲು ಮೈತ್ರಿಯ ಫೋಲ್ಡರಿನಲ್ಲೇ ಇತ್ತು. ಫೋಲ್ಡರಿಗೆ ಅವಳ ಪಾಸ್‌ವರ್ಡಿನ ಬೀಗವಿತ್ತು, ಅದನ್ನು ಸುಧಾಮಣಿ ತಮ್ಮ ವಿದ್ಯೆ ಬಳಸಿ ದಾಟಿದ್ದರು. ಫೈಲಿನ ಒಡೆಯರ ಹೆಸರು ಮೈತ್ರಿ ಎಂದು ಸ್ಪಷ್ಟವಾಗಿತ್ತು. ಬುಧವಾರ ಬೆಳಿಗ್ಗೆ ಹನ್ನೊಂದೂ ನಲವತ್ತಕ್ಕೆ ಬರೆದದ್ದು.

ಆ ಹೊತ್ತಿಗೆ ಶಿವರಾಮ್ ಉತ್ತರಹಳ್ಳಿಯಲ್ಲಿ ರಘುವಿನ ಹೊಸ ಹಾರ್ಡ್‌ವೇರ್ ಅಂಗಡಿಯ ಪೂಜೆಗೆ ಹೋಗಿದ್ದರು. ತಾನು ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿದ್ದೆ, ಆಫೀಸಿಗೆ ಬೀಗ ಹಾಕಿತ್ತು ಎಂದು ಅರ್ಪಿತ ಹೇಳಿದ್ದಳು. ಮೈತ್ರಿಯ ಬಳಿ ಒಂದು ಕೀಲಿಕೈ ಇತ್ತು. ಹಿಂದಿನ ತಿಂಗಳು ಮದುವೆಗೆ ನೋಡಿದ ಒಂದು ಗಂಡನ್ನು ಅವಳು ಬೇಡವೆಂದಿದ್ದಕ್ಕೆ ಮನೆಯಲ್ಲಿ ಜಗಳವಾಗಿತ್ತು. ಇಷ್ಟು ಸಾಕಾಗಿತ್ತು. ಮೈತ್ರಿ ತಾನೇ ಬಂದು, ತಾನೇ ಬರೆದು, ತಾನೇ ಹೋಗಿದ್ದಾಳೆ ಎಂದು ಸುಧಾಮಣಿ ಎರಡು ಪುಟದ ವರದಿ ಕೊಟ್ಟರು. ಅದನ್ನು ಓದಿದ ಠಾಣೆಯವರು ಹುಡುಕುವುದನ್ನು ನಿಲ್ಲಿಸಿದರು.

ಅಂದು ಶಿವರಾಮ್ ಕಾಫಿ ಕೊಡುತ್ತಾ, ಅಂಥ ಮನೆಗಳಲ್ಲಿ ಇದೆಲ್ಲ ಇದ್ದದ್ದೇ ಎಂದಿದ್ದರು. ಅಂಥ ಮನೆ ಎಂದರೆ ಎಂಥದು ಎಂದು ಸುಧಾಮಣಿ ಕೇಳಲಿಲ್ಲ. ಕಾಫಿ ಕುಡಿದು ಲೋಟ ಕೆಳಗಿಟ್ಟಿದ್ದರು.

ತಪ್ಪು ತಿಳಿದದ್ದು ಮೊನ್ನೆ ಭಾನುವಾರ, ಬನಶಂಕರಿಯ ಅವರ ಮನೆಯಲ್ಲೇ.

ತಮ್ಮ ಹಳೆಯ ಲ್ಯಾಪ್‌ಟಾಪಿಗೆ ಅವರು ಎರಡನೆಯ ಲಿನಕ್ಸ್ ಹಾಕಿದ್ದರು. ಫೈಲುಗಳೆಲ್ಲ ಇರುವ ಹೋಮ್ ಎಂಬ ಭಾಗವನ್ನು ಮಾತ್ರ ಎರಡಕ್ಕೂ ಒಂದೇ ಇರಲಿ ಎಂದು ಬಿಟ್ಟಿದ್ದರು. ಫೋಟೋ ನೋಡಬೇಕೆಂದು ಜೊತೆಗಿದ್ದ ತಂಗಿ ಸರ್ವಮಂಗಳಾ ಕೇಳಿದ್ದಕ್ಕೆ, ಹೊಸದರಲ್ಲಿ ಮೊದಲು ಅವಳ ಖಾತೆ ಮಾಡಿ, ಆಮೇಲೆ ತಮ್ಮದನ್ನು ಮಾಡಿದರು. ಹತ್ತು ನಿಮಿಷದಲ್ಲಿ ತಂಗಿ ಒಳಗಿನಿಂದ ಕರೆದಳು.

"ಅಕ್ಕಾ, ನಿನ್ನ ಕೇಸಿನ ಕಾಗದ ಎಲ್ಲಾ ಓಪನ್ ಆಗ್ತಿದೆ ಕಣೇ. ಎಲ್ಲದ್ರ ಮೇಲೂ ನನ್ನ ಹೆಸರೇ ಇದೆ."

ಸುಧಾಮಣಿ ಹೋಗಿ ನೋಡಿದರು. ಅವರ ಆರು ವರ್ಷದ ಕಡತಗಳು ತಂಗಿಯ ಹೆಸರಿನಲ್ಲಿದ್ದವು.

ಲಿನಕ್ಸ್ ಫೈಲಿನ ಮೇಲೆ ಹೆಸರು ಬರೆಯುವುದಿಲ್ಲ, ನಂಬರ್ ಬರೆಯುತ್ತದೆ. ಒಂದು ಸಿಸ್ಟಮ್ಮಿನಲ್ಲಿ ಮೊದಲು ಖಾತೆ ಮಾಡಿದವರಿಗೆ ಸಾಮಾನ್ಯವಾಗಿ ಸಾವಿರ, ಮುಂದಿನವರಿಗೆ ಸಾವಿರದ ಒಂದು. ಆ ನಂಬರ್ ಯಾರದ್ದೆಂದು ಪ್ರತಿ ಸಿಸ್ಟಮ್ಮೂ ತನ್ನ ತನ್ನ ಪಟ್ಟಿ ನೋಡಿ ಹೇಳುತ್ತದೆ. ಹೋಮ್ ಒಂದೇ ಆಗಿ ಪಟ್ಟಿ ಬೇರೆಯಾದರೆ, ಒಬ್ಬರ ಫೈಲು ಇನ್ನೊಬ್ಬರದಾಗಿ ಕಾಣುತ್ತದೆ, ಬೀಗವೂ ತೆರೆಯುತ್ತದೆ. ಎರಡು ಸಿಸ್ಟಂ ಹಾಕುವವರು ಹೋಮನ್ನು ಬೇರೆ ಬೇರೆ ಇಡಬೇಕು, ಇಲ್ಲವೇ ಒಬ್ಬರಿಗೆ ಎರಡರಲ್ಲೂ ಒಂದೇ ನಂಬರ್ ಕೊಡಬೇಕು. ಇದನ್ನು ಅವರು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದರು. ಪರೀಕ್ಷೆಗೂ ಕೇಳಿದ್ದರು.

ಸೋಮವಾರ ಡಿಟಿಪಿ ಸೆಂಟರಿಗೆ ರಜೆ. ಮಂಗಳವಾರ ಬಾಗಿಲು ತೆರೆಯುವ ಹೊತ್ತಿಗೆ ಬಂದು ನಿಂತಿದ್ದರು.

ಈಗ ಅವರು ತಮ್ಮ ಪೆನ್‌ಡ್ರೈವ್ ಚುಚ್ಚಿ, ಕಂಪ್ಯೂಟರನ್ನು ಅದರಿಂದಲೇ ಶುರು ಮಾಡಿದರು. ಹೀಗೆ ಮಾಡಿದರೆ ಯಾರ ಪಾಸ್‌ವರ್ಡೂ ಬೇಕಿಲ್ಲ. ಇಲ್ಲೂ ಎರಡಕ್ಕೂ ಹೋಮ್ ಒಂದೇ ಇತ್ತು. ಎರಡೂ ಸಿಸ್ಟಮ್ಮಿನ ಪಟ್ಟಿಗಳನ್ನು ಪಕ್ಕಪಕ್ಕ ತೆರೆದರು.

ಹೊಸದರಲ್ಲಿ ಸಾವಿರ, ಮೈತ್ರಿ. ಸಾವಿರದ ಒಂದು, ಅರ್ಪಿತ.

ಹಳೆಯದರಲ್ಲಿ ಸಾವಿರ, ರಘು. ಬೇರೆ ಯಾರೂ ಇಲ್ಲ.

ಹಳೆಯ ಸಿಸ್ಟಮ್ಮಿನಲ್ಲಿ ರಘುವಿನ ಹೆಸರಿನಿಂದ ಒಳಗೆ ಹೋದ ಯಾರು ಬೇಕಾದರೂ ಮೈತ್ರಿಯ ಫೋಲ್ಡರ್ ತೆರೆಯಬಹುದಿತ್ತು. ಅಲ್ಲೊಂದು ಪತ್ರ ಬರೆದಿಡಬಹುದಿತ್ತು. ಹೊಸದರಲ್ಲಿ ನೋಡುವವರಿಗೆ ಅದು ಮೈತ್ರಿಯೇ ಬರೆದಂತೆ ಕಾಣುತ್ತಿತ್ತು.

ಹಾಗೆ ಆಗಿದೆಯೇ ಇಲ್ಲವೇ ಎಂಬುದು ಉಳಿದಿತ್ತು. ಪತ್ರ ಬರೆದ ಪ್ರೋಗ್ರಾಂ ಫೈಲಿನೊಳಗೆ ತನ್ನ ಆವೃತ್ತಿಯ ಸಂಖ್ಯೆಯನ್ನೂ ಬರೆದಿಡುತ್ತದೆ. ಹೊಸ ಸಿಸ್ಟಮ್ಮಿನಲ್ಲಿ ಇದ್ದದ್ದು ಏಳನೆಯ ಆವೃತ್ತಿ. ಮೈತ್ರಿಯ ಬೇರೆಲ್ಲ ಫೈಲುಗಳಲ್ಲೂ ಏಳು ಎಂದೇ ಇತ್ತು. ಈ ಒಂದು ಪತ್ರದಲ್ಲಿ ಐದು.

ಹಳೆಯ ಸಿಸ್ಟಮ್ಮಿನಲ್ಲಿದ್ದದ್ದು ಐದು.

ಕೊನೆಯದಾಗಿ ಯಾರು ಯಾವಾಗ ಲಾಗಿನ್ ಆದರೆಂಬ ದಾಖಲೆ ತೆಗೆದರು. ಎರಡು ವರ್ಷ ಯಾರೂ ಹಳೆಯದನ್ನು ಮುಟ್ಟಿರಲಿಲ್ಲ. ಆಮೇಲೆ ಒಂದೇ ಒಂದು ಸಲ. ಅದೇ ಬುಧವಾರ ಹನ್ನೊಂದೂ ಇಪ್ಪತ್ತಕ್ಕೆ ರಘು ಒಳಗೆ. ಹನ್ನೊಂದೂ ಐವತ್ತೆರಡಕ್ಕೆ ಹೊರಗೆ.

ಸುಧಾಮಣಿ ಆ ಸಾಲನ್ನು ಇನ್ನೊಮ್ಮೆ ಓದಿದರು. ಈ ಮೂರೂ ಅಂಶ ಹದಿನೇಳು ದಿನದ ಹಿಂದಿನ ಆ ಶನಿವಾರವೂ ಇಲ್ಲೇ ಇದ್ದವು. ನೋಡಲು ಹತ್ತು ನಿಮಿಷ ಸಾಕಿತ್ತು.

ರಘುವಿನ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದರು. ಕೆಳಗೆ ಗೆರೆ ಎಳೆಯಲು ಹೋಗಿ ನಿಲ್ಲಿಸಿದರು. ಹೆಸರು ನೋಡಿ ಮನುಷ್ಯರನ್ನು ಹಿಡಿದದ್ದು ಒಂದು ಸಲಕ್ಕೆ ಸಾಕಾಗಿತ್ತು.

ಅಂಗಡಿ ಪೂಜೆಯ ವಿಡಿಯೋ ಇದೆಯೇ ಎಂದು ಶಿವರಾಮ್ ಅವರನ್ನು ಕೇಳಿದರು. ಅವರು ಮೊಬೈಲಿನಲ್ಲಿ ತೋರಿಸಿದರು. ಹನ್ನೊಂದೂ ಮೂವತ್ತೊಂದಕ್ಕೆ ತೆಗೆದದ್ದು. ರಘು ಹೆಂಡತಿಯ ಜೊತೆ ಪುರೋಹಿತರ ಎದುರು ಕೂತಿದ್ದ. ಹಿಂದೆ ಬೀದಿಗೆ ಬೀದಿಯೇ ನಿಂತಿತ್ತು.

ಉತ್ತರಹಳ್ಳಿಗೆ ಫೋನ್ ಮಾಡಿ ರಘುವನ್ನೇ ಕೇಳಿದರು. ಅವನು ಏನೂ ಮುಚ್ಚಿಡಲಿಲ್ಲ. ಕೆಲಸ ಬಿಡುವಾಗ ಹಳೆಯ ಫೈಲು ಬೇಕಾದರೆ ಇರಲಿ ಎಂದು ಪಾಸ್‌ವರ್ಡನ್ನು ಅರ್ಪಿತಕ್ಕನಿಗೆ ಚೀಟಿಯಲ್ಲಿ ಬರೆದುಕೊಟ್ಟಿದ್ದನಂತೆ. ತನ್ನ ಲಾಗಿನ್ನಿನಲ್ಲಿ ಮೈತ್ರಿಯ ಫೋಲ್ಡರೂ ತೆರೆಯುತ್ತದೆ ಎಂದು ಆಗ ತಮಾಷೆಗೆ ತೋರಿಸಿಯೂ ಇದ್ದನಂತೆ. ಸರಿ ಮಾಡಬೇಕು ಅಂದುಕೊಂಡು ಮರೆತೆ ಎಂದ.

ಸುಧಾಮಣಿ ಪಕ್ಕದ ಮೇಜಿನತ್ತ ತಿರುಗಿದರು. ಪ್ರೂಫ್ ಹಾಗೇ ಬಿದ್ದಿತ್ತು. ಮಗುವನ್ನು ಸ್ಕೂಲಿನಿಂದ ಕರೆತರಬೇಕೆಂದು ಹೇಳಿ ಅರ್ಪಿತ ಆಗಲೇ ಹೋಗಿಬಿಟ್ಟಿದ್ದಳು. ಫೋನ್ ಎತ್ತಲಿಲ್ಲ.

ಠಾಣೆಗೆ ಹೋದರೆ ಇನ್ಸ್‌ಪೆಕ್ಟರ್ ಬಂದೋಬಸ್ತಿಗೆ ಹೋಗಿದ್ದರು. ಮರುದಿನ ಬುಧವಾರ ಹನ್ನೊಂದಕ್ಕೆ ಬರಲು ಅಲ್ಲಿದ್ದವರು ಹೇಳಿದರು.

ಉಳಿದದ್ದು ವಿಲ್ಸನ್ ಗಾರ್ಡನ್.

ಬಸ್ಸಿನಲ್ಲಿ ಅವರು ಹೇಳಬೇಕಾದ ಮಾತನ್ನು ಜೋಡಿಸುತ್ತ ಹೋದರು. ಪ್ರತಿ ಸಲವೂ ವಾಕ್ಯ ಕಂಪ್ಯೂಟರಿನಿಂದ ಶುರುವಾಗುತ್ತಿತ್ತು. ಎರಡು ಸಿಸ್ಟಂ ಇತ್ತು, ಹೋಮ್ ಒಂದೇ ಇತ್ತು, ನಂಬರ್ ಹೊಂದಿರಲಿಲ್ಲ. ಎಲ್ಲವೂ ನಿಜ, ಆದರೆ ಯಾವುದರಲ್ಲೂ ತಾವು ಇರಲಿಲ್ಲ. ಸೌತ್ ಎಂಡ್ ಸರ್ಕಲ್ ದಾಟುವಾಗ ಅವೆಲ್ಲವನ್ನೂ ಬಿಟ್ಟರು.

ಬಾಗಿಲು ತೆಗೆದದ್ದು ಮೈತ್ರಿಯ ತಾಯಿ ಅಣ್ಣಮ್ಮ. ಒಳಗೆ ಕರೆದು ಕೂರಿಸಿ, ನೀರು ತರಲು ಹೋದರು. ಹೋದ ಸಲ ಬಂದಾಗ ಬುದ್ಧನ ಸಣ್ಣ ಮೂರ್ತಿಯ ಮೇಲೆ, ಪದವಿಯ ಗೌನು ತೊಟ್ಟ ಮೈತ್ರಿಯ ಫೋಟೋ ಇತ್ತು. ಈಗ ಮೊಳೆ ಮಾತ್ರ ಇತ್ತು.

ಸಂಜೀವಯ್ಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಪಂಚೆ ಸರಿಮಾಡಿಕೊಳ್ಳುತ್ತ ಬಂದು ಎದುರಿಗೆ ಕೂತರು. ಮೈತ್ರಿಯ ಅಣ್ಣ ಸುಭಾಷ್ ಬಿಟಿಎಂ ಲೇಔಟಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಊಟಕ್ಕೆ ಬಂದಿದ್ದವನು ತಟ್ಟೆ ಕೈಯಲ್ಲಿ ಹಿಡಿದೇ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ನಾನು ಕೊಟ್ಟ ವರದಿ ತಪ್ಪು," ಎಂದರು ಸುಧಾಮಣಿ. "ಆ ಪತ್ರ ಮೈತ್ರಿ ಬರೆದಿದ್ದಲ್ಲ. ನಾನು ಸರಿಯಾಗಿ ನೋಡಲಿಲ್ಲ. ನೋಡಿದ್ರೆ ಅವತ್ತೇ ಗೊತ್ತಾಗ್ತಿತ್ತು."

ಅಣ್ಣಮ್ಮ ನೀರಿನ ಲೋಟವನ್ನು ಟೀಪಾಯಿ ಮೇಲೆ ಇಟ್ಟು ಅಲ್ಲೇ ಕೆಳಗೆ ಕೂತರು.

ಸುಧಾಮಣಿ ನಡೆದದ್ದನ್ನು ಆದಷ್ಟು ಸರಳವಾಗಿ ಹೇಳಿದರು. ನಂಬರಿನ ವಿಷಯ ಬಂದಾಗ ತಡವರಿಸಿದರು. ಸಂಜೀವಯ್ಯನವರೇ ಕೈ ಎತ್ತಿ ಗೇಟಿನ ಕಡೆ ತೋರಿಸಿದರು. ಅಲ್ಲಿ ಬೀದಿಯ ಎಲ್ಲ ಮನೆಗಳಂತೆ ಎರಡು ಫಲಕಗಳಿದ್ದವು, ಹಳೇ ನಂಬರ್ ಒಂದು, ಹೊಸ ನಂಬರ್ ಒಂದು.

"ಹಳೇ ಪಟ್ಟೀಲಿ ಹನ್ನೆರಡು ಅಂದ್ರೆ ನಮ್ಮನೆ. ಹೊಸ ಪಟ್ಟೀಲಿ ಹನ್ನೆರಡು ಅಂದ್ರೆ ಆ ತುದೀಲಿರೋ ಶಂಕ್ರವ್ವನ ಮನೆ. ಪೋಸ್ಟ್‌ಮ್ಯಾನ್ ಕೂಡ ಯಾವ ಹನ್ನೆರಡು ಅಂತ ಕೇಳಿ ಕೊಡ್ತಾನೆ," ಎಂದರು. "ನೀವು ಕೇಳ್ಲಿಲ್ಲ."

"ಕೇಳ್ಲಿಲ್ಲ."

"ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಬೇರೆ ಯಾರಾದ್ರೂ ಮನೆ ಮಗಳಾಗಿದ್ರೆ ಇನ್ನೊಂದ್ ಸಲ ನೋಡ್ತಿದ್ರಾ ಮೇಡಂ?"

ಸುಧಾಮಣಿಯವರಿಗೆ ಶಿವರಾಮ್ ಕೊಟ್ಟ ಕಾಫಿಯ ನೆನಪಾಯಿತು. ಹೌದು ಎಂದು ಹೇಳುವ ಧೈರ್ಯವಿರಲಿಲ್ಲ. ಇಲ್ಲ, ಎಲ್ಲರಿಗೂ ಹೀಗೇ ಮಾಡುತ್ತಿದ್ದೆ ಎಂದರೆ ಅದು ಸುಳ್ಳಾಗುತ್ತಿತ್ತೇನೋ.

"ಗೊತ್ತಿಲ್ಲ," ಎಂದರು. "ನೋಡ್ತಿದ್ದೆ ಅನ್ಸುತ್ತೆ."

ಸಂಜೀವಯ್ಯ ತಲೆಯಾಡಿಸಿದರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸುಧಾಮಣಿಗೆ ಕೂರುವುದು ಸುಲಭವಾಗುತ್ತಿತ್ತು.

ಅಣ್ಣಮ್ಮ ಬಹಳ ಮೆಲ್ಲಗೆ ಮಾತಾಡಿದರು. ಮಗಳು ಕಾಣದಾದ ಮೂರು ದಿನ ತಾನು ಆಸ್ಪತ್ರೆ, ಬಸ್ ಸ್ಟ್ಯಾಂಡು, ಅವಳ ಗೆಳತಿಯರ ಮನೆ ಎಂದು ಅಲೆದದ್ದನ್ನು ಹೇಳಿದರು. ಶನಿವಾರ ಸಂಜೆ ವರದಿ ಬಂತು. ಅಂದು ರಾತ್ರಿಯೇ ಅವಳ ಫೋಟೋ ತೆಗೆದು ಬೀರುವಿಗೆ ಹಾಕಿದರಂತೆ.

"ಹದಿನೇಳು ದಿನ ನಾನು ಅವಳಿಗೆ ಶಾಪ ಹಾಕಿದೀನಿ ಮೇಡಂ. ಅವಳು ಎಲ್ಲಿ ಯಾವ ಕಷ್ಟದಲ್ಲಿ ನನ್ನ ಕೂಗ್ತಿದ್ಳೋ ಏನೋ. ನಾನಿಲ್ಲಿ ಕೂತ್ಕೊಂಡು ಇಂಥಾ ಮಗಳು ಹುಟ್ಟಲೇಬಾರದಿತ್ತು ಅಂತಿದ್ದೆ."

ಕ್ಷಮಿಸಿ ಎಂಬ ಮಾತು ಬಾಯಿಗೆ ಬಂದರೂ ಅದನ್ನು ಆ ಹೆಂಗಸಿನ ಮುಂದೆ ಇಡುವುದಕ್ಕೆ ಸುಧಾಮಣಿಗೆ ನಾಚಿಕೆಯಾಯಿತು. ಲೋಟದ ನೀರನ್ನು ಮುಟ್ಟಲಿಲ್ಲ.

ಸುಭಾಷ್ ತಟ್ಟೆ ಇಟ್ಟು ಕೈ ತೊಳೆದು ಬಂದ. ಬಸ್ ಸ್ಟಾಪಿನವರೆಗೆ ಸ್ಕೂಟರಿನಲ್ಲಿ ಬಿಡುತ್ತೇನೆಂದ. ಆ ಮನೆಯಲ್ಲಿ ತಮಗೆ ಯಾರಾದರೂ ಸಹಾಯ ಮಾಡುತ್ತಾರೆಂದು ಸುಧಾಮಣಿ ಅಂದುಕೊಂಡಿರಲಿಲ್ಲ. ಕಣ್ಣು ತುಂಬಿ ಬಂತು.

ದಾರಿಯಲ್ಲಿ ಅವನು, ರಘು ಹೆಸರಲ್ಲಿ ಯಾರೋ ಕೂತಿದ್ದರೆಂದು ಟೈಮ್ ಸಮೇತ ಗೊತ್ತಾಗುತ್ತದೆಯೇ ಎಂದು ಕೇಳಿದ. ಗೊತ್ತಾಗುತ್ತದೆ ಎಂದರು. ಆದರೆ ಯಾರು ಕೂತಿದ್ದರೆಂದು ಗೊತ್ತಾಗುವುದಿಲ್ಲ ಅಲ್ಲವೇ ಎಂದ. ಪಾಸ್‌ವರ್ಡ್ ಇದ್ದದ್ದು ಅರ್ಪಿತಳ ಬಳಿ ಮಾತ್ರ, ನಾಳೆ ಬೆಳಿಗ್ಗೆ ಅವಳನ್ನು ಕೇಳಿದರೆ ತಿಳಿಯುತ್ತದೆ, ಆಮೇಲೆ ಹನ್ನೊಂದಕ್ಕೆ ಠಾಣೆಗೆ ಹೋಗಿ ಹೊಸ ವರದಿ ಕೊಡುತ್ತೇನೆ ಎಂದು ಸುಧಾಮಣಿ ಎಲ್ಲವನ್ನೂ ಹೇಳಿದರು. ಅವನಿಗೆ ಏನನ್ನೂ ಮುಚ್ಚಿಡಬಾರದು, ಇಷ್ಟಾದರೂ ಪ್ರಾಮಾಣಿಕತೆ ಸಲ್ಲಬೇಕು ಎಂದು ಅವರಿಗೆ ಅನಿಸಿತ್ತು.

ಇಳಿಯುವಾಗ ಅವನಿಗೆ ಥ್ಯಾಂಕ್ಸ್ ಹೇಳಿದರು. ಪರವಾಗಿಲ್ಲ ಮೇಡಂ ಎಂದು ಅವನು ಹೆಲ್ಮೆಟ್ ಕೆಳಗೆಳೆದುಕೊಂಡ.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಜರಗನಹಳ್ಳಿ ಬಸ್ ಸ್ಟಾಪಿನಲ್ಲಿ ಅರ್ಪಿತ ಇಳಿದಾಗ ಸುಧಾಮಣಿ ಎದುರಿಗೇ ನಿಂತಿದ್ದರು. ಅರ್ಪಿತ ಓಡಲಿಲ್ಲ. ಊಟದ ಬ್ಯಾಗನ್ನು ಎದೆಗೆ ಹಿಡಿದುಕೊಂಡು, ಎಲ್ಲಾದರೂ ಕೂತು ಮಾತಾಡೋಣ ಎಂದಳು. ಕನಕಪುರ ರಸ್ತೆಯ ವಾಹನಗಳ ಸದ್ದಿನಲ್ಲಿ ಅವಳ ದನಿ ಕೇಳುತ್ತಲೇ ಇರಲಿಲ್ಲ. ಅಲ್ಲೇ ಸ್ವಲ್ಪ ಒಳಗೆ, ಮುಚ್ಚಿದ ಒಂದು ಅಂಗಡಿಯ ಕಟ್ಟೆಯ ಮೇಲೆ ಇಬ್ಬರೂ ಕೂತರು.

"ಪಾಸ್‌ವರ್ಡ್ ನಿಮ್ಮ ಹತ್ರ ಇತ್ತು," ಎಂದರು ಸುಧಾಮಣಿ.

"ಇತ್ತು ಮೇಡಂ."

"ಆ ಬುಧವಾರ ಕೂತಿದ್ದು ನೀವಾ?"

"ಇಲ್ಲ. ನಾನು ನಿಜವಾಗ್ಲೂ ಪ್ರೆಸ್‌ಗೆ ಹೋಗಿದ್ದೆ. ಬೇಕಿದ್ರೆ ಅವ್ರನ್ನೇ ಕೇಳಿ."

"ಆಫೀಸಿಗೆ ಬೀಗ ಹಾಕಿದ್ದೆ ಅಂದ್ರಲ್ಲ."

ಅರ್ಪಿತ ಬ್ಯಾಗಿನ ಜಿಪ್ಪನ್ನು ಎಳೆದಳು, ಮತ್ತೆ ಹಾಕಿದಳು.

"ಅದು ಸುಳ್ಳು."

ಸುಧಾಮಣಿ ಅವಸರ ಮಾಡಲಿಲ್ಲ. ಅವಸರ ಮಾಡುವ ಹಕ್ಕು ತಮಗಿಲ್ಲವೆಂದು ಅವರಿಗೆ ಅನಿಸಿತ್ತು.

ಅರ್ಪಿತ ನಿಧಾನವಾಗಿ ಹೇಳಿದಳು. ಅಂದು ಹನ್ನೊಂದರ ಹೊತ್ತಿಗೆ, ಮೈತ್ರಿ ಇನ್ನೂ ಬಂದಿರದಾಗ, ಒಬ್ಬರು ಬಂದರು. ಮೈತ್ರಿಯ ಹುಟ್ಟಿದ ಹಬ್ಬ ಹತ್ತಿರ ಬಂದಿದೆ, ಅವಳ ಫೋಲ್ಡರಿನಲ್ಲಿರುವ ಫೋಟೋಗಳು ಬೇಕು, ಒಂದು ಆಲ್ಬಂ ಮಾಡಿಸಿ ಅವಳಿಗೆ ಗೊತ್ತಾಗದಂತೆ ಕೊಡಬೇಕು ಎಂದರು. ಮೈತ್ರಿಯ ಪಾಸ್‌ವರ್ಡ್ ಬೇರೆ ಯಾರಿಗೂ ಗೊತ್ತಿರಲಿಲ್ಲ. ಆಗ ಅರ್ಪಿತಳಿಗೆ ರಘು ತೋರಿಸಿದ್ದು ನೆನಪಾಯಿತು. ಹಳೆಯದನ್ನು ತೆರೆದು ಕೂರಿಸಿ, ಕೆಲಸವಾದ ಮೇಲೆ ಬಾಗಿಲು ಎಳೆದುಕೊಂಡು ಹೋಗಿ ಎಂದು ಹೇಳಿ ಪ್ರೆಸ್ಸಿಗೆ ಹೋದಳು. ಒಂದು ಗಂಟೆಗೆ ಬಂದಾಗ ಯಾರೂ ಇರಲಿಲ್ಲ.

"ಯಾರು ಬಂದಿದ್ದು?"

"ಅವ್ರು ಯಾರೋ ಹೊರಗಿನೋರಾಗಿದ್ರೆ ನಾನು ಬಿಡ್ತಾ ಇರ್ಲಿಲ್ಲ ಮೇಡಂ."

"ಯಾರು ಅರ್ಪಿತಾ?"

"ಮೈತ್ರಿ ಅಣ್ಣ. ಸುಭಾಷ್."

ಎದುರಿನ ರಸ್ತೆಯಲ್ಲಿ ಬಸ್ಸೊಂದು ನಿಂತು ಹೊರಟಿತು. ಸುಧಾಮಣಿ ನೋಟ್‌ಬುಕ್ ತೆರೆದಿದ್ದರು. ಬರೆಯಲಿಲ್ಲ.

ಪತ್ರ ಸಿಕ್ಕ ದಿನ ಸಂಜೆ ಅವನು ಫೋನ್ ಮಾಡಿದನಂತೆ. ನಾನು ಬಂದಿದ್ದೆ ಎಂದು ಹೇಳಬೇಡಿ, ಅಪ್ಪ ನನ್ನನ್ನೇ ಅನುಮಾನಿಸುತ್ತಾರೆ ಎಂದು ಅತ್ತನಂತೆ. ಅರ್ಪಿತ ಎರಡು ದಿನ ನಿದ್ದೆ ಮಾಡಲಿಲ್ಲ. ಶನಿವಾರ ಎಲ್ಲವನ್ನೂ ಹೇಳಿಬಿಡಬೇಕೆಂದು ಆಫೀಸಿಗೆ ಬಂದಿದ್ದಳು.

"ಯಾಕೆ ಹೇಳ್ಲಿಲ್ಲ?"

ಅರ್ಪಿತ ಮೊದಲ ಸಲ ಅವರ ಮುಖ ನೋಡಿದಳು.

"ನಾನು ಬಾಯಿ ಬಿಡೋಷ್ಟರಲ್ಲಿ ನೀವೇ ಶಿವರಾಮ್ ಸಾರ್‌ಗೆ ಹೇಳ್ತಿದ್ರಿ, ಮೈತ್ರಿನೇ ಬರೆದಿರೋದು, ಡೌಟೇ ಇಲ್ಲ ಅಂತ. ನೀವು ಇಷ್ಟು ಓದಿರೋರು, ಕಂಪ್ಯೂಟರ್ ಪಾಠ ಮಾಡಿರೋರು. ಹಂಗಾದ್ರೆ ಅವ್ರಣ್ಣ ಫೋಟೋಗೇ ಬಂದಿದ್ರು ಅಂದ್ಕೊಂಡೆ. ಸುಮ್ನೆ ಒಬ್ರ ಮೇಲೆ ಯಾಕೆ ಹೇಳ್ಲಿ ಅಂತ ಬಿಟ್ಟೆ."

ಸುಧಾಮಣಿ ನೋಟ್‌ಬುಕ್ ಮುಚ್ಚಿದರು. ತಪ್ಪು ಫೈಲನ್ನು ಓದುವುದರಲ್ಲಿ ಮಾತ್ರ ಆಗಿದೆ ಎಂದು ಇಷ್ಟು ಹೊತ್ತು ಅಂದುಕೊಂಡಿದ್ದರು. ಇದ್ದ ಒಬ್ಬಳೇ ಸಾಕ್ಷಿಯ ಬಾಯನ್ನೂ ತಾವೇ ಮುಚ್ಚಿಸಿದ್ದರು. ತಮ್ಮ ಅಂದಿನ ಸಂಭ್ರಮದ ದನಿ ಅವರಿಗೆ ಚೆನ್ನಾಗಿ ನೆನಪಿತ್ತು. ಒಂದೇ ದಿನದಲ್ಲಿ ಕೇಸು ಬಿಡಿಸಿದ ಹೆಮ್ಮೆ.

ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ನಿನ್ನೆ ಸ್ಕೂಟರಿನ ಹಿಂದೆ ಕೂತು ತಾವು ಹೇಳಿದ್ದೆಲ್ಲ.

ಸುಭಾಷನ ನಂಬರ್ ಒತ್ತಿದರು. ರಿಂಗಾಗಿ ನಿಂತಿತು. ಮತ್ತೆ ಒತ್ತಿದರು. ಅರ್ಪಿತ ಪಕ್ಕದಲ್ಲಿ ಎದ್ದು ನಿಂತಿದ್ದಳು.

ಮೂರನೆಯ ಸಲ ಒತ್ತುವ ಮೊದಲೇ ಫೋನ್ ರಿಂಗಾಯಿತು. ಅಣ್ಣಮ್ಮನ ಹೆಸರಿತ್ತು.

"ಮೇಡಂ, ನಿಮ್ಗೆ ಒಳ್ಳೇದಾಗ್ಲಿ." ಆ ದನಿಯಲ್ಲಿ ನಿನ್ನೆಯ ಹೆಂಗಸೇ ಇರಲಿಲ್ಲ. "ನಿನ್ನೆ ನಿಮ್ಗೆ ಏನೇನೋ ಅಂದ್ಬಿಟ್ಟೆ, ಮನಸ್ಸಿಗೆ ಹಾಕ್ಕೋಬೇಡಿ. ನೀವು ಇಷ್ಟು ಬೇಗ ಪತ್ತೆ ಮಾಡ್ತೀರ ಅಂತ ಗೊತ್ತಿರ್ಲಿಲ್ಲ."

"ಏನು ಪತ್ತೆ ಅಣ್ಣಮ್ಮನವರೇ?"

"ಅವಳು ಇರೋ ಜಾಗ. ಸುಭಾಷ್ ಹೇಳ್ದ. ಬೆಳಿಗ್ಗೇನೇ ನೀವು ಫೋನ್ ಮಾಡಿದ್ರಂತೆ. ಕಾರಲ್ಲೇ ಇದೀವಿ, ನಾನೂ ಅವನೂ. ಅಲ್ಲಿ ಚಳಿ ಜಾಸ್ತಿ, ಅವಳ ಸ್ವೆಟರ್ ತಗೋ ಅಂದ. ತಗೊಂಡಿದೀನಿ."

"ಎಲ್ಲಿಗೆ ಹೋಗ್ತಿದೀರಿ?"

"ನೀವೇ ಹೇಳಿದ್ದಲ್ವಾ?" ಅಣ್ಣಮ್ಮ ನಕ್ಕರು. "ಇವ್ರು ಸ್ಟೇಷನ್‌ಗೆ ಹೋಗಿದಾರೆ, ಕಂಪ್ಲೇಂಟ್ ವಾಪಸ್ ತಗೊಳ್ಳೋಕೆ. ಅದೂ ನೀವೇ ಹೇಳಿದ್ರಂತೆ. ಇರಿ, ಅವನಿಗೇ ಕೊಡ್ತೀನಿ. ತಗೋಪ್ಪ, ಮೇಡಂಗೆ ಥ್ಯಾಂಕ್ಸ್ ಹೇಳು."

ಫೋನ್ ಕೈ ಬದಲಾದ ಸದ್ದು ಕೇಳಿಸಿತು. ಕಾರಿನ ಕಿಟಕಿ ಮೇಲೇರಿ ಗಾಳಿಯ ಸದ್ದು ನಿಂತಿತು.

"ಥ್ಯಾಂಕ್ಸ್ ಮೇಡಂ," ಎಂದ ಸುಭಾಷ್, ತಾಯಿಗೆ ಕೇಳುವಂತೆ. ಆಮೇಲೆ ದನಿ ತೀರ ತಗ್ಗಿತು. "ಸ್ಟೇಷನ್‌ಗೆ ಹೋಗ್ಬೇಡಿ. ಹಿಂದೆ ಯಾರನ್ನೂ ಕಳಿಸ್ಬೇಡಿ. ಪೊಲೀಸ್ ಬಂದ್ರೆ ಅವಳು ಜೀವಂತ ಸಿಗಲ್ಲ. ಇದು ನಾನು ಹೆದರಿಸ್ತಿರೋದಲ್ಲ ಮೇಡಂ. ಅವಳೇ ಹಂಗಂತ ಹೇಳಿರೋದು."

ಹಿಂದಿನಿಂದ ಅಣ್ಣಮ್ಮನ ದನಿ ಕೇಳಿತು, ಮೇಡಂ ಕೂಡ ಬರ್ತಾರಂತಾ ಎಂದು.

ಅವನು ಏನು ಉತ್ತರ ಕೊಟ್ಟನೋ ತಿಳಿಯಲಿಲ್ಲ. ಲೈನ್ ಕಟ್ಟಾಗಿತ್ತು.